ಖಾಲಿ ತೊಟ್ಟಿಗೆ ಬಡಿಸಿದ ದಿನಗಳು

ಹೆದರುವವರಲ್ಲಿ ಎರಡು ಬಗೆಯವರಿದ್ದಾರೆ. ಮೊದಲನೆಯವರು ಇರುವುದಕ್ಕೆ ಹೆದರುತ್ತಾರೆ. ಹಾವು, ಹುಚ್ಚುನಾಯಿ, ಹಲ್ಲಿನ ಡಾಕ್ಟರು, ಹೀಗೆ. ಇವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹಾವು ಪೊದೆಗೆ ನುಸುಳಿದರೆ, ಡಾಕ್ಟರು ಇಕ್ಕಳ ಕೆಳಗಿಟ್ಟರೆ ಇವರ ಭಯ ಮುಗಿಯಿತು. ಮತ್ತೆ ಕಾಫಿ ಕುಡಿಯಬಹುದು. ನಾನು ಎರಡನೆಯ ಬಗೆಯವನು, ಇಲ್ಲದ್ದಕ್ಕೆ ಹೆದರುವವನು. ಇಲ್ಲದ್ದು ಎಲ್ಲಿಗೂ ನುಸುಳಿ ಹೋಗುವುದಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಕತ್ತಲೆಕೋಣೆಯಿಂದ ತೆಂಗಿನಕಾಯಿ ತರಲು ಹೇಳಿ, "ಅಲ್ಲಿ ಎಂತದೂ ಇಲ್ಲ ಮಗಾ, ಹೋಗು" ಎಂದಾಗ, "ಎಂತದೂ ಇಲ್ಲದ ಕಡೆ ನಾನು ಯಾಕೆ ಹೋಗ್ಬೇಕು?" ಎಂದು ಕೇಳಿದ್ದೆನಂತೆ. ಇಂಥ ನಾನು, ಒಮಾನ್ ದೇಶದ ಅಲ್ ಖೌದ್‌ನ ಎರಡನೆಯ ಮಹಡಿಯ ಫ್ಲಾಟಿನಲ್ಲಿ, ಒಳಗೆ ಒಂದು ಸೊಳ್ಳೆಮರಿಯೂ ಇಲ್ಲದ ಗಾಜಿನ ತೊಟ್ಟಿಗೆ ಒಂದೂವರೆ ತಿಂಗಳು ದಿನಾ ಬೆಳಿಗ್ಗೆ ಊಟ ಹಾಕಿದ್ದೇನೆ ಎಂದರೆ ನೀವು ನಂಬಲಾರಿರಿ. ಹಾಕಿದ ಊಟ ಖಾಲಿಯಾಗುತ್ತಿತ್ತು ಎಂದರೆ ಇನ್ನೂ ನಂಬಲಾರಿರಿ.

ಆಗ ನಾನು ಅಲ್ಲಿಯ ವಿಶ್ವವಿದ್ಯಾಲಯವೊಂದರ ಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದೆ. ತೊಂಬತ್ತರ ದಶಕದ ಕೊನೆಯ ಭಾಗ. 'ವಿಶ್ವವಿದ್ಯಾಲಯದಲ್ಲಿ ಕೆಲಸ' ಎಂಬ ಮಾತು ಕಾಪುವಿನ ನಮ್ಮ ಮನೆಗೆ ತಲುಪುವಷ್ಟರಲ್ಲಿ ನಾನು ಪ್ರೊಫೆಸರನಾಗಿದ್ದೆ. ಅಮ್ಮ ಅದನ್ನು ಇಡೀ ಪೇಟೆಗೆ ಹಂಚಿದ್ದಳು. ನಿಜವಾಗಿ ನಾನು ಗಾಜಿನ ಪಾತ್ರೆ ತೊಳೆಯುತ್ತಿದ್ದೆ, ಕಪ್ಪೆಗಳ ತೊಟ್ಟಿಯ ನೀರು ಬದಲಿಸುತ್ತಿದ್ದೆ, ಆ ನೀರು ಹೇಗಿದೆ ಎಂದು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದೆ. ನನ್ನ ಮೇಲಿನವರು ಡಾಕ್ಟರ್ ಐಲೀನ್ ಎಂಬ ಐರಿಷ್ ಹೆಂಗಸು. ಅರುವತ್ತರ ಹತ್ತಿರದ ವಯಸ್ಸು, ತೆಂಗಿನ ಮರದ ಎತ್ತರ, ಮಾತು ಬಹಳ ಕಡಿಮೆ. ಅವರು ಒಂದು ವಿಚಿತ್ರ ಪ್ರಾಣಿಯನ್ನು ಸಾಕಿದ್ದರು. ಅದರ ಹೆಸರು ಆಕ್ಸೊಲಾಟಲ್. ಮೆಕ್ಸಿಕೋ ದೇಶದ ಕೆರೆಯದ್ದು, ಕಪ್ಪೆಯ ದೂರದ ನೆಂಟ. ನಮ್ಮ ಗದ್ದೆಯ ಗೊದಮೊಟ್ಟೆ ದೊಡ್ಡದಾಗಲು ಒಪ್ಪದೆ, ಕಾಲು ಮೂಡಿದ ಮೇಲೂ ನೀರಿನಲ್ಲೇ ಉಳಿದು, ಗೇಣುದ್ದ ಬೆಳೆದರೆ ಹೇಗಿರಬಹುದೋ ಹಾಗೆ. ಇದು ಬಿಳಿಯದು. ಕತ್ತಿನ ಎರಡೂ ಬದಿಗೆ ಕೆಂಪು ಗರಿಯಂಥ ಕಿವಿರು. ರೆಪ್ಪೆಯಿಲ್ಲದ ಕಣ್ಣು. ಬಾಯಿಯ ಆಕಾರವೇ ಹಾಗಿರುವುದರಿಂದ ಸದಾ ನಗು. ಪ್ರಯೋಗಶಾಲೆಯಲ್ಲಿ ನಾನು ಒಬ್ಬನೇ ಇರುವಾಗ ಅದು ಹಿಂದಿನಿಂದ ನನ್ನನ್ನು ನೋಡಿ ನಗುತ್ತಿದೆ ಎಂದು ಗೊತ್ತಾಗುತ್ತಿತ್ತು. ತಿರುಗಿದರೆ ಹೌದು, ನಗುತ್ತಿತ್ತು.

ಒಂದು ದಿನ ಡಾಕ್ಟರ್ ಐಲೀನ್ ನನ್ನನ್ನು ಕರೆದು, ತಮ್ಮ ಅವಧಿ ಮುಗಿಯಿತೆಂದೂ, ಏಳು ವಾರದಲ್ಲಿ ಊರಿಗೆ ಹೊರಡುತ್ತಾರೆಂದೂ, ಪ್ರಾಣಿಯನ್ನು ವಿಮಾನದಲ್ಲಿ ಒಯ್ಯಲು ಸಾಧ್ಯವಿಲ್ಲವೆಂದೂ ಹೇಳಿದರು. "ಇಲ್ಲಿ ನೀರಿನ ಲೆಕ್ಕವನ್ನು ಸುಳ್ಳು ಬರೆಯದೆ ಇರುವವರು ನೀವೊಬ್ಬರೇ. ಇದನ್ನು ನಿಮ್ಮ ಮನೆಗೆ ಒಯ್ಯುತ್ತೀರಾ?" ಎಂದು ಕೇಳಿದರು. ಆಗುವುದಿಲ್ಲ ಎನ್ನಲು ನಾನು ಬಾಯಿ ತೆರೆದೆ. ಹೊಗಳಿಕೆ ಒಳಗೆ ಹೋಗಿ ಕುಳಿತಿದ್ದರಿಂದ, "ಖಂಡಿತ" ಎಂಬ ಮಾತು ಹೊರಗೆ ಬಂತು. ಅವರು ತಲೆಯಾಡಿಸಿ, "ಮೊದಲು ಟ್ಯಾಂಕಿಗೆ ಸೈಕ್ಲಿಂಗ್ ಆಗಬೇಕು. ಆರು ವಾರ ಬೇಕು. ಅವಸರ ಮಾಡಿದರೆ ಸಾಯುತ್ತದೆ" ಎಂದರು. ಸೈಕಲ್ಲಿಗೂ ತೊಟ್ಟಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯವಾಗದೆ, ಮಗಳ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ಮನೆಯಲ್ಲಿದೆಯಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ಅದು ಬೇರೆಯೇ ವಿಷಯ ಎಂದು ಅವರು ಟೈಪು ಮಾಡಿ ಕೊಟ್ಟ ಹಾಳೆಯಿಂದ ತಿಳಿಯಿತು. ತೊಟ್ಟಿಯ ಪ್ರಾಣಿ ಹೊರಹಾಕಿದ ಹೊಲಸು, ಉಳಿಸಿದ ತಿಂಡಿ ಕೊಳೆತು ಅಮೋನಿಯಾ ಎಂಬ ವಿಷವಾಗುತ್ತದೆ. ಕಣ್ಣಿಗೆ ಕಾಣದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ತಿಂದು ಇನ್ನೊಂದು ವಿಷವನ್ನು ಬಿಡುತ್ತದೆ. ಮತ್ತೊಂದು ಬಗೆಯದು ಬಂದು ಆ ವಿಷವನ್ನೂ ತಿಂದು, ಹೆಚ್ಚು ಉಪದ್ರವವಿಲ್ಲದ ವಸ್ತುವನ್ನು ಬಿಡುತ್ತದೆ. ಈ ಚಕ್ರ ತಿರುಗತೊಡಗಿದ ಮೇಲೆಯೇ ಪ್ರಾಣಿಯನ್ನು ಬಿಡಬೇಕು. ಅಂದರೆ, ಯಜಮಾನ ಬರುವ ಮೊದಲು ಜಾಡಮಾಲಿಗಳು ಬಂದು ಸಂಸಾರ ಹೂಡಬೇಕು, ಆ ಸಂಸಾರವನ್ನು ನಾನು ಸಾಕಬೇಕು. ಹೊಸ ತೊಟ್ಟಿಗೆ ನುಣ್ಣನೆಯ ಮರಳು ಹಾಸಿ, ಎರಡು ದಿನ ಬಕೆಟಿನಲ್ಲಿಟ್ಟು ಕ್ಲೋರಿನ್ ಹೋಗಿಸಿದ ನೀರು ತುಂಬಿ, ಸ್ಪಂಜಿನ ಫಿಲ್ಟರಿಗೆ ಪಂಪು ಹಚ್ಚಿ, ದಿನಾ ಬೆಳಿಗ್ಗೆ ಬಾಟಲಿಯಿಂದ ಇಷ್ಟು ಹನಿ ಅಮೋನಿಯಾ ಹಾಕುವುದು. ಆಮೇಲೆ ನೀರನ್ನು ಸಣ್ಣ ಗಾಜಿನ ನಳಿಕೆಗೆ ತೆಗೆದು ಬಣ್ಣದ ಮದ್ದು ಬೆರೆಸಿ ನೋಡುವುದು. ಹಸಿರಾದರೆ ವಿಷ ಇದೆ, ಹಳದಿಯಾದರೆ ತಿಂದು ಮುಗಿಸಿದ್ದಾವೆ. ಹಳೆಯ ತೊಟ್ಟಿಯ ಸ್ಪಂಜು ತಂದಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತಂತೆ. ಆದರೆ ಅದರಲ್ಲಿ ಜೊತೆಗಿದ್ದ ಇನ್ನೊಂದು ಆಕ್ಸೊಲಾಟಲ್ ಬಿಳಿ ಬೂಷ್ಟಿನಂಥ ರೋಗ ಹಿಡಿದು ಸತ್ತಿತ್ತು. ಆದ್ದರಿಂದ ಎಲ್ಲವೂ ಶೂನ್ಯದಿಂದಲೇ ಶುರುವಾಗಬೇಕಿತ್ತು.

ಶೂನ್ಯಕ್ಕೆ ಮನೆಯ ಹಾಲ್‌ನಲ್ಲಿ, ಸೋಫಾದ ಎದುರು ಜಾಗ ಕೊಟ್ಟೆವು. ನನ್ನ ಹೆಂಡತಿ ವಾರಿಜ ಮೂರು ದಿನ ಸುಮ್ಮನೆ ನೋಡಿದಳು. ನಾಲ್ಕನೆಯ ದಿನ ಬೆಳಿಗ್ಗೆ ಚಹಾದ ಲೋಟ ಹಿಡಿದುಕೊಂಡು ಬಂದು, "ಒಳಗೆ ಯಾರೂ ಇಲ್ಲ. ಮತ್ತೆ ಯಾರಿಗೆ ಬಡಿಸುದು ನೀವು?" ಎಂದಳು. (ಮನೆಯಲ್ಲಿ ನಾವು ಆಡುವುದು ತುಳು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಈ ಪ್ರಶ್ನೆ ಇನ್ನೂ ತಣ್ಣಗೆ ಕೇಳಿಸುತ್ತದೆ.) ಒಂಬತ್ತು ವರ್ಷದ ಮಗಳು ಶ್ರುತಿ ಕ್ಲಾಸಿನಲ್ಲಿ, 'ವಿ ಹ್ಯಾವ್ ಎ ಪೆಟ್, ಬಟ್ ಇಟ್ ಈಸ್ ನಾಟ್ ದೇರ್' ಎಂದು ಹೇಳಿ ಟೀಚರಿಂದ ಚೀಟಿ ತಂದಳು. ಎದುರು ಫ್ಲಾಟಿನ ಜೂಲಿಯಾನಾ ಬಾಯಿ, ಮಂಗಳೂರಿನವರು, ಕ್ರಿಸ್ಮಸ್ಸಿನ ಸಿಹಿತಿಂಡಿಗಳ ಕುಸ್ವಾರು ತಟ್ಟೆ ಕೊಡಲು ಬಂದವರು, ನಾನು ಖಾಲಿ ನೀರಿಗೆ ಹನಿ ಹಾಕಿ, ಬಗ್ಗಿ ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಕಂಡು ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡರು. "ನೀವು ಪ್ರೇಯರ್ ಮಾಡ್ತಿದ್ರೆ ನಾನು ಮತ್ತೆ ಬರ್ತೇನೆ" ಎಂದು ಬಾಗಿಲಿನಿಂದಲೇ ಹೊರಟುಹೋದರು. ತಟ್ಟೆಯನ್ನು ಕೊಡದೆ.

ಏನೂ ಹೇಳದವರು ಮನೆಯಲ್ಲಿ ಒಬ್ಬರೇ, ನನ್ನ ಅತ್ತೆ. ವಾರಿಜಳ ಅಪ್ಪ ಹಿಂದಿನ ವರ್ಷ ತೀರಿಕೊಂಡಿದ್ದರು. ಮಲ್ಪೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ನಡುವೆ ಅತ್ತೆ ಯಾರೊಡನೆಯೂ ಮಾತಾಡುವುದನ್ನು ಬಿಟ್ಟಿದ್ದಾರೆ ಎಂದು ತಿಳಿದು, ಜಾಗ ಬದಲಾದರೆ ಮನಸ್ಸೂ ಬದಲಾದೀತು ಎಂದು ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಕರೆಸಿದ್ದೆವು. ಮಸ್ಕತ್ತಿನ ಸಮುದ್ರ ತೋರಿಸಿದೆವು, ನಮ್ಮ ಸಮುದ್ರವೇ ಎಂದರು. ಕೋಟೆ ತೋರಿಸಿದೆವು, ಊಟಕ್ಕೆ ಬಂಗುಡೆ ಉಂಟಾ ಎಂದು ಮಾತ್ರ ಕೇಳಿದರು. ಮನೆಯಲ್ಲಿ ಸೋಫಾದ ಮೂಲೆಯಲ್ಲಿ ಕುಳಿತು ಆ ತೊಟ್ಟಿಯನ್ನು ಮಾತ್ರ ನೋಡುತ್ತಿದ್ದರು. ಟಿ.ವಿ. ಹಾಕಿದರೂ ಅವರ ಮುಖ ಈ ಕಡೆಗೆ. ನಾನು ಬೆಳಿಗ್ಗೆ ಹನಿ ಹಾಕುವಾಗ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಸ್ವಲ್ಪ ನೇರವಾಗಿ ಕೂರುತ್ತಿದ್ದರು. ವಿಜ್ಞಾನಕ್ಕೆ ಗೌರವ ಕೊಡುವ ಹೆಂಗಸು ಎಂದು ನಾನು ಹೆಮ್ಮೆಪಟ್ಟೆ.

ಮೂರನೆಯ ವಾರ ಪವಾಡ ನಡೆಯಿತು. ಅಲ್ಲಿಯವರೆಗೆ ಹಸಿರೇ ಹಸಿರಾಗಿದ್ದ ನಳಿಕೆ ಒಂದು ಬೆಳಿಗ್ಗೆ ನಿಂಬೆಹಣ್ಣಿನ ಹಳದಿ. ಹಿಂದಿನ ದಿನ ಹಾಕಿದ್ದನ್ನು ಯಾರೋ ತಿಂದು ಮುಗಿಸಿದ್ದರು. ಬ್ಯಾಕ್ಟೀರಿಯಾ ಎಂದು ಓದಿ ತಿಳಿದಿದ್ದರೂ, ತೊಟ್ಟಿಯ ಖಾಲಿ ನೀರಿನ ಎದುರು ಬಗ್ಗಿ ನಿಂತಾಗ ನನ್ನ ಬೆನ್ನಿನಲ್ಲಿ ಇರುವೆ ಹರಿದ ಹಾಗಾಯಿತು. ಆ ಸಂತೋಷ ನಾಲ್ಕೇ ದಿನ. ಐದನೆಯ ದಿನ ಬೆಳಿಗ್ಗೆ ಹಳದಿಯಿದ್ದ ನೀರು ಸಂಜೆ ನೋಡಿದರೆ ಕಡು ಹಸಿರು. ನಾನು ಅಷ್ಟು ಹಾಕಿರಲಿಲ್ಲ. ಮರುದಿನ ಏನೂ ಹಾಕದೆ ಕೆಲಸಕ್ಕೆ ಹೋದೆ. ಸಂಜೆ ಮತ್ತೆ ಹಸಿರು. ನೀರು ಗಂಜಿತಿಳಿಯ ಹಾಗೆ ಮಬ್ಬಾಗಿತ್ತು. ಮೇಲೆ ಕಾಮನಬಿಲ್ಲಿನಂಥ ತೆಳು ಎಣ್ಣೆಪದರ. ಬಲಮೂಲೆಯ ಮರಳಿನಲ್ಲಿ, ಯಾರೋ ಕೈ ಊರಿ ಎದ್ದ ಹಾಗೆ, ಒಂದು ಗುಳಿ. ಅದನ್ನು ಚಮಚದಿಂದ ಸಮ ಮಾಡಿದೆ. ಮರುದಿನ ಸಂಜೆ ಅದೇ ಜಾಗದಲ್ಲಿ ಅದೇ ಗುಳಿ.

ಮಗಳನ್ನು ಕೇಳಿದೆ. "ಐ ಡಿಡಂಟ್ ಟಚ್ ಇಟ್, ಪಪ್ಪಾ. ಅಜ್ಜಿ ಹೇಳಿದ್ದಾರೆ ಮುಟ್ಬಾರ್ದಂತ" ಎಂದಳು. ವಾರಿಜಳನ್ನು ಅಡಿಗೆಮನೆಗೆ ಕರೆದು ಕೇಳಿದೆ. ಅವಳ ಮುಖ ಸಪ್ಪಗಾಯಿತು. "ನಾನು ಹೇಳ್ಬಾರ್ದು ಅಂತ ಇದ್ದೆ. ಮಧ್ಯಾಹ್ನ ಊಟ ಆದ ಮೇಲೆ ರೂಮಲ್ಲಿ ಸ್ವಲ್ಪ ಮಲಗ್ತೇನಲ್ಲ, ಶ್ರುತಿಯ ಬಸ್ಸು ಬರುವವರೆಗೆ. ಆಗ ಹಾಲಿನಿಂದ ಸಣ್ಣಗೆ ಮಾತು ಕೇಳ್ತದೆ. ಅಮ್ಮ ಅಂತೂ ಮಾತಾಡುದನ್ನೇ ಬಿಟ್ಟಿದ್ದಾರೆ. ಪಂಪಿನ ಶಬ್ದ ಇರ್ಬೇಕು ಅಂತ ಇಷ್ಟು ದಿನ ಸುಮ್ಮನಿದ್ದೆ."

"ಪಂಪಿನದ್ದೇ ಇರ್ಬೇಕು. ಗುಳುಗುಳು ಅಂತದೆ" ಎಂದೆ, ಧೈರ್ಯ ಹೇಳುವ ದನಿಯಲ್ಲಿ.

"ಪಂಪು 'ಬಲೆ, ಉಣ್ಪರೆ ಬಲೆ' ಅಂತದಾ?" ಎಂದಳು ವಾರಿಜ. ಬನ್ನಿ, ಊಟಕ್ಕೆ ಬನ್ನಿ ಎಂದು ಅದರ ಅರ್ಥ. "ನಿಮ್ಮ ಪಂಪು ತುಳು ಮಾತಾಡ್ತದೆ."

ಆ ಪಂಪು ಚೀನಾದ್ದು. ಅದಕ್ಕೆ ತುಳು ಬರುವ ಸಂಭವವಿರಲಿಲ್ಲ. ನಮ್ಮ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ತುಳುನಾಡಿನಲ್ಲಿ ಸತ್ತ ಹಿರಿಯರನ್ನು ಕುಲೆಗಳು ಎನ್ನುತ್ತೇವೆ. ವರ್ಷದಲ್ಲಿ ಕೆಲವು ದಿನ ಅವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲು ಎಳೆದು, ಮನೆಮಂದಿಯೆಲ್ಲ ಹೊರಗೆ ಸದ್ದು ಮಾಡದೆ ಕಾಯುತ್ತೇವೆ. ಅವರು ಬರುವ ಹೊತ್ತು ನಡುರಾತ್ರಿಯೇ ಆಗಬೇಕೆಂದಿಲ್ಲ. ನಡುಮಧ್ಯಾಹ್ನ, ನೆರಳು ಕಾಲಡಿಗೆ ಬಂದು ನಿಲ್ಲುವ ಹೊತ್ತು, ಅಷ್ಟೇ ಪ್ರಶಸ್ತ. ಚಿಕ್ಕಂದಿನಲ್ಲಿ ಆ ಮುಚ್ಚಿದ ಬಾಗಿಲಿನ ಹೊರಗೆ ಕುಳಿತು ನಾನು ಚಡ್ಡಿ ಒದ್ದೆ ಮಾಡಿಕೊಂಡದ್ದುಂಟು. ಈಗ ಲುಕ್ಸಾನು ಏನೆಂದರೆ, ಆ ಕೋಣೆಯನ್ನು ನಾನೇ ಹಾಲಿನಲ್ಲಿ ತಂದಿಟ್ಟು ಅದಕ್ಕೆ ಲೈಟನ್ನೂ ಹಾಕಿದ್ದೆ.

ಆದರೂ ನಾನು ಪ್ರಯೋಗಶಾಲೆಯ ಮನುಷ್ಯ. ಪುಸ್ತಕ ತೆಗೆದು ಲೆಕ್ಕಗಳನ್ನು ಮೊದಲಿನಿಂದ ನೋಡಿದೆ. ಒಂದು ವಿಷಯ ಹೊಳೆಯಿತು. ಗುರುವಾರ, ಶುಕ್ರವಾರಗಳ ಸಂಜೆ ನೀರು ಹಳದಿಯಾಗಿಯೇ ಇತ್ತು. ಶನಿವಾರ ಬಂತೆಂದರೆ ಹಸಿರು. ಒಮಾನಿನಲ್ಲಿ ಆಗ ವಾರದ ರಜೆ ಗುರುವಾರ, ಶುಕ್ರವಾರ. ಸರಕಾರಿ ರಜೆಗಳನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವ ಪ್ರೇತವನ್ನು ನಾನು ಕೇಳಿರಲಿಲ್ಲ. ಇನ್ನೊಂದು ರೀತಿಯಲ್ಲಿ ನೋಡಿದರೆ, ಅದು ಬರುತ್ತಿದ್ದದ್ದು ನಾನು ಮನೆಯಲ್ಲಿಲ್ಲದ ಮಧ್ಯಾಹ್ನಗಳಲ್ಲಿ ಮಾತ್ರ. ಪ್ರೇತಕ್ಕೆ ಹೆದರುವ ನನಗೆ, ಪ್ರೇತವೂ ನನ್ನನ್ನು ಕಂಡರೆ ಹೆದರುತ್ತದೆ ಎಂಬುದು ಅಷ್ಟೇನೂ ಸಮಾಧಾನ ತರಲಿಲ್ಲ.

ಡಾಕ್ಟರ್ ಐಲೀನ್ ಹೊರಡಲು ಇನ್ನು ಹನ್ನೆರಡು ದಿನ ಉಳಿದಿತ್ತು. ಈ ನೀರಿಗೆ ಪ್ರಾಣಿಯನ್ನು ಬಿಟ್ಟರೆ ಎರಡು ದಿನ ಬದುಕದು. ಒಂದು ಸೋಮವಾರ ತಲೆನೋವೆಂದು ಹೇಳಿ ಮಧ್ಯಾಹ್ನ ಮನೆಗೆ ಹೊರಟೆ. ಅಲ್ ಖೌದ್‌ನಲ್ಲಿ ಒಂದು ಗಂಟೆಗೆ ಅಂಗಡಿಗಳು ಶಟರ್ ಎಳೆದರೆ ಮತ್ತೆ ನಾಲ್ಕಕ್ಕೇ ತೆರೆಯುವುದು. ಬಿಳಿ ಬಿಸಿಲು. ನಿಲ್ಲಿಸಿದ ಕಾರಿನ ನೆರಳಿನಲ್ಲಿ ಎರಡು ಆಡುಗಳು ಮಲಗಿದ್ದವು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುವುದು ಬಿಟ್ಟರೆ ಶಬ್ದವಿಲ್ಲ. ಹಗಲಿನಲ್ಲೇ ಊರು ಖಾಲಿಯಾಗುವುದನ್ನು ನೋಡಿದವರಿಗೆ ಗೊತ್ತು, ಕತ್ತಲೆಯಲ್ಲಿ ಅಡಗಿಕೊಳ್ಳಲು ನಮಗೂ ಜಾಗ ಇರುತ್ತದೆ, ಆ ಬಿಸಿಲಿನಲ್ಲಿ ಇಲ್ಲ. ಮೆಟ್ಟಿಲು ಹತ್ತಿ, ಚಪ್ಪಲಿ ಕೈಯಲ್ಲಿ ಹಿಡಿದು, ಬೀಗದಕೈಯನ್ನು ಮೆಲ್ಲಗೆ ತಿರುಗಿಸಿದೆ. ಒಳಗೆ ದನಿ ಕೇಳುತ್ತಿತ್ತು. ಬಲೆ... ಉಣ್ಪರೆ ಬಲೆ.

ಬಾಗಿಲು ತಳ್ಳಿದೆ. ಪರದೆ ಎಳೆದ ಹಾಲಿನಲ್ಲಿ ತೊಟ್ಟಿಯೊಂದೇ ಬೆಳಗುತ್ತಿತ್ತು. ಅದರೊಳಗೆ, ಗುಳ್ಳೆಗಳ ನಡುವೆ, ಒಂದು ಮುಖ. ದಪ್ಪ ಮೀಸೆ, ಹಣೆಯಲ್ಲಿ ಗಂಧದ ಬೊಟ್ಟು, ನನ್ನನ್ನೇ ನೋಡುವ ಕಣ್ಣು. ನನ್ನ ಮಾವ. ಗುಳ್ಳೆ ಏರಿದಂತೆಲ್ಲ ಮೀಸೆ ಅಲುಗುತ್ತಿತ್ತು, ಅಗಿಯುವ ಹಾಗೆ.

ನಾನು ಕೂಗಿದೆನೆಂದು ವಾರಿಜ ಈಗಲೂ ಹೇಳುತ್ತಾಳೆ. ನನ್ನ ನೆನಪಿನಲ್ಲಿ ನಾನು ಸುಮ್ಮನೆ ಗೋಡೆಗೆ ಒರಗಿ ಕೆಳಗೆ ಜಾರಿದೆ, ಅಷ್ಟೆ. ಜಾರಿದಾಗ ಕಂಡಿತು. ಅತ್ತೆ ತೊಟ್ಟಿಯ ಎದುರು ನೆಲದ ಮೇಲೆ ಕುಳಿತಿದ್ದರು. ತಾವು ಊರಿನಿಂದ ಪೆಟ್ಟಿಗೆಯಲ್ಲಿ ತಂದಿದ್ದ ಮಾವನ ಫೋಟೋವನ್ನು ಸೋಫಾದ ಮೇಲೆ ಒರಗಿಸಿಟ್ಟಿದ್ದರು. ಫೋಟೋದ ಪ್ರತಿಬಿಂಬ ಗಾಜಿನಲ್ಲಿ ಬಿದ್ದಿತ್ತು. ಅತ್ತೆಯ ಬಲಗೈ ಮೊಣಕೈಯವರೆಗೆ ನೀರಿನಲ್ಲಿತ್ತು. ಮರಳಿನ ಮೇಲೆ ಒಂದು ತುತ್ತು ಕುಚ್ಚಲಕ್ಕಿ ಅನ್ನ ಇಡುತ್ತಿದ್ದರು. ಪಕ್ಕದ ಬಟ್ಟಲಿನಲ್ಲಿ ಬಂಗುಡೆ ಸಾರು.

"ಸದ್ದು ಮಾಡ್ಬೇಡಿ. ಊಟ ಮಾಡ್ತಾ ಇದ್ದಾರೆ" ಎಂದರು ಅತ್ತೆ, ತಿರುಗದೆ.

ವಾರಿಜ ರೂಮಿನಿಂದ ಓಡಿ ಬಂದು ಬಾಗಿಲಲ್ಲೇ ನಿಂತಳು. ಅತ್ತೆ ಕೈ ಒರೆಸಿಕೊಂಡು ನನ್ನ ಕಡೆ ನೋಡಿದರು. ಒಂದು ವರ್ಷದಲ್ಲಿ ಆಡದಿದ್ದ ಮಾತೆಲ್ಲ ಆ ಹತ್ತು ನಿಮಿಷದಲ್ಲಿ ಬಂತು. "ನೀವು ನಾಚಿಕೊಳ್ಬೇಡಿ. ನಾನು ಬಂದ ದಿನದಿಂದ ನೋಡ್ತಾ ಇದ್ದೇನೆ. ಬೆಳಿಗ್ಗೆ ಎದ್ದು ಬಡಿಸ್ತೀರಿ. ತಿಂದ್ರಾ ಇಲ್ವಾ ಅಂತ ನೋಡ್ತೀರಿ, ಬರೆದಿಡ್ತೀರಿ. ನನ್ನ ಸ್ವಂತ ಮಗ ಇಷ್ಟು ಮಾಡ್ಲಿಲ್ಲ. ಅಳಿಯ ಮಾಡುವಾಗ ನಾನು ಕೂತು ನೋಡುದು ಹೇಗೆ? ನಿಮ್ಮೆದುರು ಮಾಡಿದ್ರೆ ನಿಮಗೆ ಸಂಕೋಚ ಅಂತ ನೀವಿಲ್ಲದಾಗ ಬಡಿಸಿದೆ. ಅರ್ಧ ಗಂಟೆ ಬಿಟ್ಟು ಎಲ್ಲ ತೆಗೀತೇನೆ, ಗಲೀಜು ಮಾಡ್ಲಿಲ್ಲ." ಆಮೇಲೆ ದನಿ ತಗ್ಗಿಸಿದರು. "ಅವರು ಹೋದ ದಿನ ಬಂಗುಡೆ ಸಾರು ಕೇಳಿದ್ರು. ಹಿಂದಿನ ದಿನ ನಮಗೆ ಜಗಳ. ಇವತ್ತು ಗಂಜಿಯೇ, ಬೇಕಾದ್ರೆ ಉಣ್ಣಿ ಅಂದೆ. ಉಣ್ಲಿಲ್ಲ. ಹಾಗೇ ಎದ್ದು ಹೋದ್ರು, ದಾರಿಯಲ್ಲಿ ಬಿದ್ರು. ಹಸಿದುಕೊಂಡೇ ಹೋದದ್ದು ಅವರು."

ಅಮ್ಮ ದಿನಾ ಬಂಗುಡೆಯೇ ಬೇಕೆಂದು ಹಟ ಮಾಡುತ್ತಿದ್ದದ್ದು ಯಾಕೆಂದು ವಾರಿಜಳಿಗೆ ಆಗ ಗೊತ್ತಾಯಿತು. ಅವಳು ಹೋಗಿ ಅಮ್ಮನ ಪಕ್ಕ ಕುಳಿತಳು. ಇಬ್ಬರೂ ನನ್ನ ಮುಖ ನೋಡಿದರು. ಇದು ಅಮೋನಿಯಾ, ಇದು ಬ್ಯಾಕ್ಟೀರಿಯಾ, ಬರಲಿರುವುದು ಮೆಕ್ಸಿಕೋದ ಗೊದಮೊಟ್ಟೆ ಎಂದು ಹೇಳಲು ಅದೇ ಸರಿಯಾದ ಕ್ಷಣವಾಗಿತ್ತು. ಸತ್ಯಸಂಧನೆಂದು ಐರ್ಲೆಂಡಿನವರೆಗೆ ಹೆಸರು ಪಡೆಯಲಿದ್ದ ನಾನು, "ಹೌದು ಅತ್ತೆ. ಆದ್ರೆ ಇನ್ನು ಮೇಲೆ ನಾವಿಬ್ಬರೂ ಒಟ್ಟಿಗೆ ಬಡಿಸುವ. ಬಾಟಲಿಯಿಂದ ಮಾತ್ರ. ಅನ್ನ ಬೇಡ, ಅವರಿಗೆ ಹೆಚ್ಚಾಗ್ತದೆ" ಎಂದೆ.

"ಆ ಬಾಟ್ಲಿದ್ದು ಎಂತ? ಮೂಗು ಸುಡ್ತದೆ."

"ಖಾರ" ಎಂದೆ. ಮಾವ ಖಾರಪ್ರಿಯರು. ಅತ್ತೆ ಒಪ್ಪಿದರು.

ಆ ಸಂಜೆ ಬಕೆಟ್ ಬಕೆಟ್ ನೀರು ಬದಲಿಸಿದೆ. ಮರುದಿನದಿಂದ ಅತ್ತೆ ಸ್ನಾನ ಮಾಡಿ, ಬೆಳಿಗ್ಗೆ ಆರೂವರೆಗೆ ನನ್ನ ಪಕ್ಕದಲ್ಲಿ ಮಣೆ ಹಾಕಿ ಕೂರತೊಡಗಿದರು. ನಾನು ಹನಿ ಎಣಿಸುತ್ತಿದ್ದೆ, ಅವರು ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ಹೇಳುತ್ತಿದ್ದರು. ನಲವತ್ತು ವರ್ಷ ಮೀನಿನ ಕಿವಿರು ಎತ್ತಿ ತಾಜಾ ಹೌದೋ ಅಲ್ಲವೋ ನೋಡಿದ ಕಣ್ಣು. ಹಸಿರಿನಲ್ಲಿ ಅವರಿಗೆ ನಾಲ್ಕು ಬಗೆ ಕಾಣುತ್ತಿತ್ತು. ಸತ್ಯವನ್ನು ತಿಳಿಸಲು ನನಗಾಗದಿದ್ದರೂ ಮಗಳು ಪ್ರಯತ್ನಿಸಿದಳು. "ಅಜ್ಜಿ, ಇಟ್ ಈಸ್ ಓನ್ಲಿ ಬ್ಯಾಕ್ಟೀರಿಯಾ" ಎಂದಳು ಒಂದು ಬೆಳಿಗ್ಗೆ, ಬೂಟಿನ ಲೇಸು ಕಟ್ಟಿಕೊಳ್ಳುತ್ತ.

"ಯಾರದು?" ಎಂದರು ಅತ್ತೆ.

ಶ್ರುತಿ ಯೋಚಿಸಿ ತನಗೆ ಬಂದ ತುಳುವಿನಲ್ಲಿ ಬಿಡಿಸಿ ಹೇಳಿದಳು: "ಕಣ್ಣಿಗೆ ಕಾಣುದಿಲ್ಲ ಅಜ್ಜಿ. ಬಟ್ ಒಳಗೆ ಉಂಟು. ನಾವು ಹಾಕಿದ್ದನ್ನು ತಿಂತದೆ."

"ಅದನ್ನೇ ಅಲ್ವಾ ಮಗಾ ನಾನೂ ಹೇಳುದು" ಎಂದರು ಅತ್ತೆ.

ಆಮೇಲೆ ನಡೆದದ್ದನ್ನು ನಾನು ಡಾಕ್ಟರ್ ಐಲೀನ್‌ರಿಗೆ ಪೂರ್ತಿಯಾಗಿ ಹೇಳಲಿಲ್ಲ. ಎರಡು ವಾರ ಕದ್ದು ಬಡಿಸಿದ ಅನ್ನ, ಬಂಗುಡೆಗಳಿಂದ ತೊಟ್ಟಿಯ ಜಾಡಮಾಲಿ ಸಂಸಾರ ಕೊಬ್ಬಿ ಹೋಗಿತ್ತು. ಹೊಸ ನೀರಿಗೆ ಹನಿ ಹಾಕಿದರೆ ಮರುದಿನ ಬೆಳಿಗ್ಗೆ ಹಳದಿ. ದುಪ್ಪಟ್ಟು ಹಾಕಿದರೂ ಹಳದಿ. ಎರಡನೆಯ ವಿಷವೂ ಇಲ್ಲ. ಅವರು ನನ್ನ ಪುಸ್ತಕವನ್ನು ನೋಡಿ ಕನ್ನಡಕ ತೆಗೆದು, "ಇಂಥ ತೊಟ್ಟಿಯನ್ನು ನಾನು ನೋಡಿಲ್ಲ. ನಡುವೆ ಇದೇನು ಹಸಿರು?" ಎಂದು ಕೇಳಿದರು. "ಮನೆಯವರು ಸಹಾಯ ಮಾಡಿದರು" ಎಂದೆ. ಸುಳ್ಳಲ್ಲ.

ಪ್ರಾಣಿ ಬರುವ ದಿನ ಹತ್ತಿರವಾದಂತೆ ನನಗೆ ನಿದ್ದೆ ಬಾರದಾಯಿತು. ಜಾಡಮಾಲಿಗಳಿಗೆ ಬಿಸಿ ಇಷ್ಟ, ಯಜಮಾನನಿಗೆ ತಂಪು ಬೇಕು ಎಂದು ಹಾಳೆಯಲ್ಲಿತ್ತು. ಏಸಿ ಹಾಕಿ, ನೀರು ಹೆಪ್ಪುಗಟ್ಟಿಸಿದ ಬಾಟಲಿಗಳನ್ನು ತೇಲಿಸಿ ಹದಿನೇಳು ಡಿಗ್ರಿಗೆ ಇಳಿಸಿದೆ. ಅದು ಸುಲಭದ ಕೆಲಸ. ಅತ್ತೆಗೆ ಏನು ಹೇಳುವುದು? ದಿನಾ ಯಾರಿಗೆ ಬಡಿಸುತ್ತಿದ್ದರೋ ಅವರ ಜಾಗದಲ್ಲಿ ಬಿಳಿಯ, ಜೀವವುಳ್ಳ, ನಗುವ ಒಂದು ಆಕೃತಿ ಬಂದು ಕುಳಿತರೆ ಆ ಹೆಂಗಸು ಏನೆಂದುಕೊಂಡಾರು? ಅದು ಸತ್ತರೆ ಮಾವ ಎರಡನೆಯ ಸಲ ಸತ್ತ ಹಾಗೆ. ಈ ಸಲ ಕೊಂದದ್ದು ನಾನು. ಇಷ್ಟು ಸಾಲದೆಂದು ಇನ್ನೊಂದಿತ್ತು. ಮಾವ ಮಲ್ಪೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿ ದುಡಿದವರು. ಅವರ ಎಡಗೈಯ ಎರಡು ಬೆರಳು ಅಲ್ಲಿಯ ಯಂತ್ರಕ್ಕೆ ಹೋಗಿದ್ದವು. ಹೊರಡುವ ಮುನ್ನಾದಿನ ಡಾಕ್ಟರ್ ಐಲೀನ್ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಪ್ರಾಣಿಯನ್ನು ತಂದು, ನಿಧಾನವಾಗಿ ನೀರಿಗೆ ಬಿಟ್ಟು, "ಸತ್ತ ಜೊತೆಗಾರ ಹಿಂದೆ ಇದರ ಎಡಗೈ ಕಚ್ಚಿತ್ತು. ಎರಡು ಬೆರಳಿಲ್ಲ. ಚಿಂತೆ ಬೇಡ, ಮತ್ತೆ ಬೆಳೆಯುತ್ತವೆ" ಎಂದಾಗ ನನ್ನ ಕೈಯಲ್ಲಿದ್ದ ಚಹಾದ ತಟ್ಟೆ ಬಿತ್ತು.

ಅತ್ತೆ ಬಂದು ಮಂಡಿಯೂರಿ ಕುಳಿತರು. ಪ್ರಾಣಿ ಮರಳಿನ ಮೇಲೆ ನಾಲ್ಕು ಹೆಜ್ಜೆ ನಡೆದು ಗಾಜಿನ ಹತ್ತಿರ ಬಂತು. ಎಡಗೈ ಊರಿತು. ನಕ್ಕಿತು. ಅತ್ತೆ ಅದರ ಮುಖವನ್ನೂ ಕೈಯನ್ನೂ ಬಹಳ ಹೊತ್ತು ನೋಡಿದರು. ವಾರಿಜ ನನ್ನ ತೋಳು ಚಿವುಟಿ ಹಿಡಿದಿದ್ದಳು.

"ಇದು ಅವರಲ್ಲ" ಎಂದರು ಅತ್ತೆ. "ನಲವತ್ತು ವರ್ಷದಲ್ಲಿ ಅವರು ಇಷ್ಟು ನಗಾಡಿದ್ದನ್ನು ನಾನು ನೋಡ್ಲಿಲ್ಲ."

ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದರು: "ಅವರು ಹೋಗಿ ಒಂದು ವಾರ ಆಯ್ತಲ್ಲ. ಹಳದಿ ಬಂದು ಹಳದಿಯಲ್ಲೇ ನಿಂತದ್ದು ನೀವು ನೋಡ್ಲಿಲ್ವಾ? ಹೊಟ್ಟೆ ತುಂಬಿದ ಮೇಲೆ ಒಂದು ಕಡೆ ಕೂರುವ ಜನವಾ ಅವರು?" ಎದ್ದು ಅಡಿಗೆಮನೆಗೆ ಹೋಗಿ, ಡಾಕ್ಟರಮ್ಮನಿಗೆ ಇನ್ನೊಂದು ತಟ್ಟೆ ಚಹಾ ತಂದರು. ಅಂದು ಸಂಜೆ ಜೂಲಿಯಾನಾ ಬಾಯಿಯ ಮನೆಗೆ ಹೋಗಿ ಎರಡು ಗಂಟೆ ಹರಟಿದರು. ಅತ್ತೆಗೆ ಕೊಂಕಣಿ ಬಾರದು, ಬಾಯಿಯವರಿಗೆ ತುಳು ಅಷ್ಟಕ್ಕಷ್ಟೆ. ವೀಸಾ ಮುಗಿದು ಹೊರಡುವವರೆಗೂ ಅವರು ತೊಟ್ಟಿಯ ಮುಂದೆ ಹಾಗೆ ಕೂರಲಿಲ್ಲ. ವಿಮಾನನಿಲ್ದಾಣದಲ್ಲಿ ಮಾತ್ರ ನನ್ನನ್ನು ಬದಿಗೆ ಕರೆದು, "ಅದಕ್ಕೆ ಎರೆಹುಳ ಕಮ್ಮಿ ಮಾಡ್ಬೇಡಿ. ಹಸಿದಿದ್ರೂ ಹೇಳುದಿಲ್ಲ, ಅದು ನಗ್ತಾ ಇರ್ತದೆ" ಎಂದರು.

ಈಗ ಮನೆಯಲ್ಲಿ ಎಲ್ಲರೂ ನೆಮ್ಮದಿಯಾಗಿದ್ದರು. ವಾರಿಜ ಮಧ್ಯಾಹ್ನ ಕಣ್ತುಂಬ ಮಲಗುತ್ತಿದ್ದಳು. ಮಗಳಿಗೆ, ಕೊನೆಗೂ ಇರುವ ಒಂದು ಪ್ರಾಣಿ ಸಿಕ್ಕಿತ್ತು. ಅದರ ಎಡಗೈಯಲ್ಲಿ ಮೊದಲು ಒಂದು ಮೊಳಕೆ, ಆಮೇಲೆ ಇನ್ನೊಂದು ಮೂಡಿತು. ತಿಂಗಳೆರಡರಲ್ಲಿ ಬೆರಳು ಪೂರ್ತಿಯಾದವು. ಪ್ರಾಣಿಶಾಸ್ತ್ರದಲ್ಲಿ ಇದು ಸಾಮಾನ್ಯ, ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ನಾನು ಓದಿದ್ದೇನೆ. ಒಂದು ಶುಕ್ರವಾರ ಮಧ್ಯಾಹ್ನ, ಹೆಂಡತಿ ಮಗಳು ಒಳಗೆ ಮಲಗಿದ್ದಾಗ, ಸೆಖೆಗೆ ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿಕೊಂಡು ನೀರು ಕುಡಿಯಲೆಂದು ಹಾಲಿನಲ್ಲಿ ಹಾದುಹೋಗುತ್ತಿದ್ದೆ. ಅದು ಮರಳಿನಿಂದ ತಲೆಯೆತ್ತಿ ನನ್ನನ್ನು ನೋಡಿತು. ಆ ದಿನ ಬೆಳಕು ಹೇಗೆ ಬಿದ್ದಿತ್ತೋ ಏನೋ, ಬಾಯಿ ನಗುವ ಹಾಗೆ ಕಾಣಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಹಿಂದಿನಿಂದ ವಾರಿಜ, "ಯಾರು ಬಂದದ್ದು?" ಎಂದು ಕೇಳಿದಾಗಲೇ ಎಚ್ಚರವಾಯಿತು.

"ಯಾರೂ ಇಲ್ಲ" ಎಂದೆ.

"ಮತ್ತೆ ಲುಂಗಿ ಯಾಕೆ ಕೆಳಗೆ ಬಿಟ್ರಿ?"

ನೋಡಿಕೊಂಡೆ. ಹಿರಿಯರು ಎದುರಾದಾಗ ನಮ್ಮೂರಿನ ಗಂಡಸರು ಮಾಡುವ ಹಾಗೆ, ಮಡಿಕೆ ಬಿಚ್ಚಿ ಪಾದದವರೆಗೆ ಇಳಿಬಿಟ್ಟು, ಎರಡೂ ಕೈ ಕಟ್ಟಿಕೊಂಡು ನಿಂತಿದ್ದೆ.